ಈಗ ಎಂತಕ್ಕೆ ಹಾಕಿದ್ದು?

ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್ ತಿಂಗಳಲ್ಲಿ, ಮಂಗಳೂರಿನ ಗೆಳೆಯನೊಬ್ಬನ ಮನೆಯಲ್ಲಿ ನಾಲ್ಕು ದಿನ ಉಳಿದುಕೊಂಡಿದ್ದೆ. ಪಿಎಚ್.ಡಿ.ಯ ಅಧ್ಯಾಯವೊಂದನ್ನು ಬರೆದು ಮುಗಿಸುವ ಆತುರ. ಬರೆಯುವಾಗ ಹಿನ್ನೆಲೆಯಲ್ಲಿ ಏನಾದರೂ ಸಂಗೀತ ಇರಬೇಕು ಎನ್ನುವುದು ನನ್ನ ಹಳೆಯ ಚಟ. ಮಾತಿಲ್ಲದ ಸಂಗೀತವಾದರೆ ಇನ್ನೂ ಒಳ್ಳೆಯದು, ವಾಕ್ಯಗಳಿಗೆ ಅಡ್ಡ ಬರುವುದಿಲ್ಲ. ಆವತ್ತು ಲ್ಯಾಪ್‌ಟಾಪಿನಲ್ಲಿ ಬಾಖ್‌ನ ಆರ್ಗನ್ ರಚನೆಗಳು ಒಂದರ ಹಿಂದೆ ಒಂದು ತಮ್ಮಷ್ಟಕ್ಕೆ ತಾವು ಬರುತ್ತಿದ್ದವು. ನಾನು ಕೇಳುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಪಕ್ಕದ ಕೋಣೆಯಿಂದ ಯಾರೋ ಹಾಡುವ ದನಿ ಬಂದಾಗ ಮಾತ್ರ ತಲೆಯೆತ್ತಿದೆ. ಎಂಬತ್ತು ದಾಟಿದ, ಗೆಳೆಯನ ಅಜ್ಜಿ ಆರ್ಗನ್ನಿನ ಮೇಲಿನ ದನಿಗೆ ಸರಿಯಾಗಿ ಕೂಡಿಕೊಂಡು ಕನ್ನಡದಲ್ಲಿ ಹಾಡುತ್ತಿದ್ದರು. ಅದು ಒಂದು ನಿಮಿಷದೊಳಗೆ ಮುಗಿದುಹೋಯಿತು. ಅಜ್ಜಿ ಬಾಗಿಲಿಗೆ ಬಂದು ನಿಂತು, "ಅದು ಕ್ರಿಸ್ಮಸ್ಸಿನ ಹಾಡಲ್ವಾ ಮಗಾ, ಈಗ ಎಂತಕ್ಕೆ ಹಾಕಿದ್ದು?" ಎಂದು ಕೇಳಿದರು.

ಮರುದಿನ ಶುಭ ಶುಕ್ರವಾರ. ಅಜ್ಜಿಗೆ ಸಿಟ್ಟೇನೂ ಬಂದಿರಲಿಲ್ಲ. ಯುಗಾದಿಯ ದಿನ ಯಾರಾದರೂ ಎಳ್ಳುಬೆಲ್ಲ ಹಂಚಲು ಬಂದರೆ ನಮಗೆ ಎಷ್ಟು ಆಶ್ಚರ್ಯವಾದೀತೋ ಅಷ್ಟೇ ಆಶ್ಚರ್ಯ ಅವರ ಮುಖದಲ್ಲಿತ್ತು. "ಸುಮ್ಮನೆ ಹಾಕಿದ್ದೆ ಅಜ್ಜಿ" ಎಂದು ಹೇಳಿ ನಿಲ್ಲಿಸಿದೆ. ಆದರೆ ಆ 'ಸುಮ್ಮನೆ' ನನ್ನನ್ನು ಬಿಡಲಿಲ್ಲ. ಒಂದು ಕಾಲಕ್ಕೆಂದೇ, ಒಂದು ನಂಬಿಕೆಯೊಳಗಿದ್ದವರಿಗೆಂದೇ ಕಟ್ಟಿದ ಸಂಗೀತವನ್ನು ಆ ಕಾಲವೂ ಆ ನಂಬಿಕೆಯೂ ಇಲ್ಲದ ನಾನು ಸುಮ್ಮನೆ ಹಾಕಿಕೊಂಡು ಕೇಳಬಹುದೇ? ಕಾನೂನಿನ ಪ್ರಶ್ನೆ ಇಲ್ಲ, ಯಾರಿಗೂ ನಷ್ಟವಿಲ್ಲ. ಹಾಗಾದರೂ ಇಲ್ಲಿ ಏನೋ ಒಂದು ಋಣ ಇದೆಯೇ?

ಅಜ್ಜಿಗೆ ಆ ಹಾಡು ಗೊತ್ತಿದ್ದುದರಲ್ಲಿ ಅಚ್ಚರಿಯಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಕಿಟೆಲ್‌ರ ನಿಘಂಟು ನಮಗೆಲ್ಲ ಗೊತ್ತು. ಅವರ ಜೊತೆ ಜರ್ಮನ್ ಪ್ರಾಟೆಸ್ಟೆಂಟರ ಪ್ರಾರ್ಥನಾಗೀತೆಗಳ ಧಾಟಿಗಳೂ ಬಂದು ಕನ್ನಡದ ಮಾತು ತೊಟ್ಟವು ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಜ್ಜಿ ಹಾಡಿದ ಧಾಟಿ ಮಾರ್ಟಿನ್ ಲೂಥರ್ ಹದಿನಾರನೆಯ ಶತಮಾನದಲ್ಲಿ ಬರೆದ 'ಫೋಮ್ ಹಿಮೆಲ್ ಹೋಖ್' ಎಂಬ ಕ್ರಿಸ್ಮಸ್ ಗೀತೆಯದು. ದೇವದೂತನೊಬ್ಬ ಮೇಲಿನಿಂದ ಇಳಿದು ಬಂದು ಮಗು ಹುಟ್ಟಿದ ಸುದ್ದಿ ಹೇಳುವ ಹಾಡು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಅದೇ ಧಾಟಿಯ ಮೇಲೆ ಬಾಖ್ ಕಟ್ಟಿದ ಕೊರಾಲ್ ಪ್ರೆಲ್ಯೂಡ್.

ಲೂಥರನ್ ಚರ್ಚುಗಳಲ್ಲಿ ಸಭೆಯವರೆಲ್ಲ ಒಟ್ಟಾಗಿ ಹಾಡುವ ಗೀತೆಗೆ ಕೊರಾಲ್ ಎನ್ನುತ್ತಾರೆ. ಹಾಡುವ ಮೊದಲು ಆರ್ಗನ್ ನುಡಿಸುವವನು ಆ ಧಾಟಿಯನ್ನು ಒಂದಿಷ್ಟು ವಿಸ್ತರಿಸಿ ನುಡಿಸುತ್ತಾನೆ. ಮುಂದೆ ಯಾವ ಹಾಡು ಬರಲಿದೆ, ಅದರ ಭಾವವೇನು ಎಂದು ಸಭೆಗೆ ತಿಳಿಸುವ ಪೀಠಿಕೆ ಅದು. ಬಾಖ್ ವೈಮಾರ್‌ನ ಆಸ್ಥಾನದಲ್ಲಿ ಆರ್ಗನ್ ನುಡಿಸುವ ಕೆಲಸದಲ್ಲಿದ್ದಾಗ, ಅಂದರೆ 1708ರಿಂದ 1717ರ ನಡುವೆ, ಇಂಥ ಪೀಠಿಕೆಗಳದ್ದೇ ಒಂದು ಪುಸ್ತಕ ಮಾಡಲು ಹೊರಟ. ಅದರ ಹೆಸರು 'ಆರ್ಗೆಲ್‌ಬ್ಯೂಖ್‌ಲೈನ್', ಪುಟ್ಟ ಆರ್ಗನ್ ಪುಸ್ತಕ. ಅವನು ಅದನ್ನು ಸಿದ್ಧಪಡಿಸಿದ ರೀತಿ ವಿಚಿತ್ರವಾಗಿದೆ. ಮೊದಲು ಖಾಲಿ ಪುಸ್ತಕವೊಂದರಲ್ಲಿ 164 ಗೀತೆಗಳ ಹೆಸರುಗಳನ್ನು ಪುಟಗಳ ತಲೆಯಲ್ಲಿ ಬರೆದಿಟ್ಟ. ಹೆಸರಿನ ಕೆಳಗೆ ಸಂಗೀತಕ್ಕೆ ಜಾಗ ಬಿಟ್ಟ. ಆಮೇಲೆ ಒಂದೊಂದನ್ನೇ ತುಂಬುತ್ತ ಹೋದ. ಜಾಗ ಸಾಲದೆ ಬಂದ ಕಡೆ ಕೊನೆಯ ಸಾಲುಗಳನ್ನು ಅಕ್ಷರಗಳ ಹಳೆಯ ಲಿಪಿಯಲ್ಲಿ ಒತ್ತೊತ್ತಾಗಿ ಬರೆದು ಪುಟದೊಳಗೇ ಹಿಡಿಸಿದ.

ಪುಸ್ತಕದ ಮೊದಲ ಭಾಗ ಚರ್ಚಿನ ವರ್ಷದ ಕ್ರಮದಲ್ಲಿದೆ. ಆ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮೊದಲು, ಅಡ್ವೆಂಟ್ ಎಂಬ ಕಾಯುವ ಕಾಲದಿಂದ ಶುರುವಾಗುತ್ತದೆ. ಆಮೇಲೆ ಕ್ರಿಸ್ಮಸ್, ಹೊಸವರ್ಷ, ಫೆಬ್ರವರಿ 2ರ ಹಬ್ಬ, ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲ, ಈಸ್ಟರ್, ಪೆಂಟೆಕೊಸ್ಟ್. ಅದಕ್ಕಿಂತ ದೊಡ್ಡದಾದ ಎರಡನೆಯ ಭಾಗ ಹಬ್ಬಕ್ಕೆ ಸಂಬಂಧಿಸದ ಗೀತೆಗಳದು: ಸಂಕಟ, ಪಶ್ಚಾತ್ತಾಪ, ಸಾವು, ದಿನನಿತ್ಯದ ಬದುಕು.

ನಮ್ಮಲ್ಲಿ ಹಿಂದೂಸ್ತಾನಿ ರಾಗಗಳಿಗೂ ಸಮಯ ಇದೆಯಲ್ಲ ಎಂದು ನೀವು ಕೇಳಬಹುದು. ನನಗೂ ಮೊದಲು ಹೊಳೆದದ್ದು ಅದೇ. ಆದರೆ ಭೈರವ್‌ನ ಬೆಳಗು ನಾಳೆಯೂ ಬರುತ್ತದೆ. ಇಲ್ಲಿಯದು ಕತೆಯ ಕಾಲ. ಹುಟ್ಟು, ನೋವು, ಸಾವು, ಮರಳಿ ಏಳುವುದು ಎಂಬ ಒಂದು ಕತೆಯನ್ನು ಇಡೀ ವರ್ಷಕ್ಕೆ ಹಾಸಿದ್ದಾರೆ. ಒಂದು ಪ್ರಸಂಗ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಅಜ್ಜಿ ಕೇಳಿದ ಮೇಲೆ ನಾನು ಆ ಒಂದು ನಿಮಿಷದ ರಚನೆಯನ್ನು ಹತ್ತಾರು ಸಲ ಕೇಳಿದೆ. ಮೇಲಿನ ದನಿಯಲ್ಲಿ ಧಾಟಿ ನೇರವಾಗಿ ನಡೆಯುತ್ತದೆ. ನಡುವಿನ ದನಿಗಳು ಚುರುಕಾಗಿ ಏರುತ್ತ ಇಳಿಯುತ್ತ ಇರುತ್ತವೆ. ಕೆಳಗೆ ಕಾಲಿನಲ್ಲಿ ನುಡಿಸುವ ಪೆಡಲ್ ಸಮನಾಗಿ ಹೆಜ್ಜೆ ಹಾಕುತ್ತದೆ. ನನಗೆ ಇಷ್ಟೇ ಕೇಳಿಸುತ್ತಿತ್ತು. ಅಜ್ಜಿಗೆ ಆ ಏರಿಳಿತದಲ್ಲಿ ದೇವದೂತರು ಇಳಿದು ಬರುತ್ತಿದ್ದರು, ಯಾಕೆಂದರೆ ಮಾತು ಅವರ ಬಾಯಲ್ಲೇ ಇತ್ತು. ನಾನು ಮಾತಿಲ್ಲದ ಸಂಗೀತ ಎಂದುಕೊಂಡು ಆರಿಸಿದ್ದು ಮಾತಿಲ್ಲದ ಸಂಗೀತವೇ ಆಗಿರಲಿಲ್ಲ. ಮಾತನ್ನು ಕೇಳುವವರೇ ತರುತ್ತಾರೆ ಎಂಬ ಭರವಸೆಯ ಮೇಲೆ ಬಾಖ್ ಅದನ್ನು ಬರೆದಿದ್ದ.

ಈ ಭರವಸೆ ಎಷ್ಟು ಮುಖ್ಯವಾಗಿತ್ತು ಎನ್ನುವುದಕ್ಕೆ ಬಾಖ್‌ನ ಬದುಕಿನಲ್ಲೇ ಒಂದು ಪ್ರಸಂಗವಿದೆ. 1705ರ ಕೊನೆಯಲ್ಲಿ, ಇಪ್ಪತ್ತು ವರ್ಷದ ಬಾಖ್ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ನಾಲ್ಕು ವಾರ ರಜೆ ಕೇಳಿ, ಸುಮಾರು 400 ಕಿಲೋಮೀಟರ್ ದೂರದ ಲೂಬೆಕ್‌ಗೆ ನಡೆದುಕೊಂಡು ಹೋದ. ಅಲ್ಲಿ ಮುದುಕ ಬುಕ್ಸ್‌ಟೆಹುಡೆಯ ಸಂಗೀತ ಕೇಳುವುದು ಅವನ ಆಸೆ. ಬುಕ್ಸ್‌ಟೆಹುಡೆಯ ಪ್ರಸಿದ್ಧ ಸಂಜೆಯ ಕಛೇರಿಗಳು ವರ್ಷಕ್ಕೆ ಐದೇ ಭಾನುವಾರ ನಡೆಯುತ್ತಿದ್ದವು. ಎರಡು ಅಡ್ವೆಂಟಿಗೆ ಮೊದಲು, ಮೂರು ಅಡ್ವೆಂಟಿನೊಳಗೆ. ಆ ದಿನಗಳಲ್ಲಿ ಆ ಊರಿನಲ್ಲಿ ಇದ್ದರೆ ಕೇಳಬಹುದು, ಇಲ್ಲದಿದ್ದರೆ ಇಲ್ಲ. ನಾಲ್ಕು ವಾರದ ರಜೆ ತಿಂಗಳುಗಟ್ಟಲೆ ಬೆಳೆಯಿತು. ಮರಳಿ ಬಂದ ಮೇಲೆ, 1706ರ ಫೆಬ್ರವರಿಯಲ್ಲಿ, ಚರ್ಚಿನ ಆಡಳಿತದವರು ಅವನನ್ನು ಕರೆಸಿ ವಿಚಾರಿಸಿದರು. ರಜೆ ಮೀರಿದ್ದು ಒಂದು ದೂರು. ಇನ್ನೊಂದು, ಅವನು ಕೊರಾಲ್‌ಗಳಲ್ಲಿ ವಿಚಿತ್ರ ಬದಲಾವಣೆಗಳನ್ನು ಮಾಡಿ, ಹೊರಗಿನ ಸ್ವರಗಳನ್ನು ಬೆರೆಸಿ, ಸಭೆಯನ್ನು ಗೊಂದಲಕ್ಕೆ ದೂಡುತ್ತಾನೆ ಎಂಬುದು.

ಈ ಕತೆಯನ್ನು ನಾವು ಸಾಮಾನ್ಯವಾಗಿ ಪ್ರತಿಭಾವಂತ ಯುವಕ ಮತ್ತು ಮಂದಬುದ್ಧಿಯ ಅಧಿಕಾರಿಗಳ ಕತೆಯಾಗಿ ಹೇಳುತ್ತೇವೆ. ನಾನೂ ಹಾಗೇ ಓದಿದ್ದೆ. ಈಗ ಆ ಸಭೆಯ ಕಡೆ ನಿಂತು ನೋಡಬೇಕು ಅನ್ನಿಸುತ್ತದೆ. ಹಾಡು ಅವರದು. ತಾಯಂದಿರಿಂದ ಕಲಿತು, ಹೆಣದ ಮುಂದೆ, ತೊಟ್ಟಿಲ ಮುಂದೆ ಹಾಡಿದ ಹಾಡು. ಮೇಲೆ ಆರ್ಗನ್ ಮುಂದೆ ಕುಳಿತವನು ಎಷ್ಟೇ ದೊಡ್ಡವನಾದರೂ ಅವರ ಬಾಯಿಂದ ಹಾಡು ತಪ್ಪಿಹೋಗುವಂತೆ ಮಾಡಬಾರದು ಎಂದು ಕೇಳುವ ಹಕ್ಕು ಅವರಿಗಿತ್ತು. ಮುಂದೆ ವೈಮಾರ್‌ನಲ್ಲಿ ಪುಟ್ಟ ಪುಸ್ತಕ ಬರೆಯುವಾಗ ಬಾಖ್ ಬಹುಪಾಲು ರಚನೆಗಳಲ್ಲಿ ಧಾಟಿಯನ್ನು ಮೇಲಿನ ದನಿಯಲ್ಲಿಟ್ಟು, ಒಂದೇ ಒಂದು ಸಲ, ನಡುವೆ ಹೆಚ್ಚು ನಿಲ್ಲದೆ ನಡೆಸಿದ್ದಾನೆ. ತನ್ನ ಜಾಣತನವನ್ನೆಲ್ಲ ಅದರ ಕೆಳಗಿನ ದನಿಗಳಲ್ಲಿ ಇಟ್ಟಿದ್ದಾನೆ. ಆರ್ನ್‌ಸ್ಟಾಟ್‌ನ ಬೈಗುಳಕ್ಕೆ ಕೊಟ್ಟ ಉತ್ತರ ಇದು ಎಂದು ಹೇಳಲಾರೆ. ಆದರೆ ಹಾಡು ಬಲ್ಲವರನ್ನು ಮರೆತು ಬರೆದ ಪುಸ್ತಕವಂತೂ ಅಲ್ಲ.

ಆ ವರ್ಷ ನವೆಂಬರ್ ಕೊನೆಯಿಂದ ಒಂದು ನಿಯಮ ಹಾಕಿಕೊಂಡೆ. ಒಂದು ವರ್ಷ, ಈ ಪುಸ್ತಕದ ಹಬ್ಬದ ರಚನೆಗಳನ್ನು ಅವುಗಳ ಕಾಲದಲ್ಲಿ ಮಾತ್ರ ಕೇಳುವುದು. ಕೇಳುವ ಮೊದಲು ಗೀತೆಯ ಅರ್ಥವನ್ನು ಓದಿಕೊಳ್ಳುವುದು. ಕೇಳುವಾಗ ಬೇರೆ ಕೆಲಸ ಮಾಡದಿರುವುದು.

ಅಡ್ವೆಂಟಿಗೆ ನಾಲ್ಕೇ ರಚನೆಗಳು. ನಾಲ್ಕೂ ಸೇರಿ ಎಂಟು ನಿಮಿಷವೂ ಆಗುವುದಿಲ್ಲ. ಅದನ್ನೇ ನಾಲ್ಕು ವಾರ ಕೇಳಬೇಕು. ಎರಡನೆಯ ವಾರಕ್ಕೇ ಬೇಸರ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಬಾಖ್ 1723ರಿಂದ ಕೆಲಸ ಮಾಡಿದ ಲೈಪ್‌ಜಿಗ್‌ನಲ್ಲಿ, ಅಡ್ವೆಂಟಿನ ಮೊದಲ ಭಾನುವಾರ ಕಳೆದರೆ ಕ್ರಿಸ್ಮಸ್ ತನಕ ಚರ್ಚಿನಲ್ಲಿ ವಾದ್ಯಮೇಳದ ದೊಡ್ಡ ಸಂಗೀತವೇ ಇರುತ್ತಿರಲಿಲ್ಲ. ಲೆಂಟಿನಲ್ಲೂ ಹೆಚ್ಚುಕಡಿಮೆ ಹಾಗೇ. ಊರಿಗೆ ಊರೇ ಕಿವಿಗೆ ಉಪವಾಸ ಹಾಕಿ ಕೂರುತ್ತಿತ್ತು. ನನ್ನ ಬೇಸರಕ್ಕೆ ಇದರಿಂದ ಒಂದು ಅರ್ಥ ಸಿಕ್ಕಿತು. ನಾನು ಬೇಸರ ಎಂದು ಕರೆಯುತ್ತಿದ್ದುದನ್ನೇ ಅವರು ಕಾಯುವುದು ಎನ್ನುತ್ತಿದ್ದರು. ಡಿಸೆಂಬರ್ 24ರ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಅಜ್ಜಿಯ ಹಾಡನ್ನು ಹಾಕಿದಾಗ, ಆ ಒಂದು ನಿಮಿಷ ಏಪ್ರಿಲ್ಲಿನ ಒಂದು ನಿಮಿಷವಾಗಿರಲಿಲ್ಲ. ಸಂಗೀತ ಬದಲಾಗಿರಲಿಲ್ಲ, ಅದಕ್ಕೆ ಮೊದಲಿನ ನಾಲ್ಕು ವಾರ ಮಾತ್ರ ಬೇರೆಯಾಗಿತ್ತು.

ಜರ್ಮನ್ ತತ್ತ್ವಜ್ಞಾನಿ ಗಾಡಮರ್ 1977ರಲ್ಲಿ ಪ್ರಕಟವಾದ ಒಂದು ಸಣ್ಣ ಪುಸ್ತಕದಲ್ಲಿ ಕಾಲದ ಎರಡು ಅನುಭವಗಳನ್ನು ಬೇರ್ಪಡಿಸುತ್ತಾನೆ. ಒಂದು, ಖಾಲಿ ಪಾತ್ರೆಯಂಥ ಕಾಲ. ಅದನ್ನು ನಾವು ಕೆಲಸದಿಂದಲೋ ಮನರಂಜನೆಯಿಂದಲೋ ತುಂಬಬೇಕು. ಇನ್ನೊಂದು, ಹಬ್ಬದ ಕಾಲ. ಅದು ತಾನೇ ತುಂಬಿಕೊಂಡು ಬರುತ್ತದೆ, ನಾವು ಅದರೊಳಗೆ ಹೋಗಬೇಕು. ಇದನ್ನು ನಾನು ಎಂ.ಎ.ಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೆ. ಆದರೂ ನನ್ನ ಲ್ಯಾಪ್‌ಟಾಪಿನಲ್ಲಿ ಹಬ್ಬದ ಸಂಗೀತ ಖಾಲಿ ಪಾತ್ರೆ ತುಂಬುವ ಕೆಲಸವನ್ನೇ ಮಾಡುತ್ತಿತ್ತು.

ಹೊಸವರ್ಷಕ್ಕೆ 'ದಾಸ್ ಆಲ್ಟೆ ಯಾರ್' ಎಂಬ ರಚನೆ ಇದೆ. ಗೀತೆಯ ಮಾತು ಕಳೆದ ವರ್ಷಕ್ಕೆ ಕೃತಜ್ಞತೆ ಹೇಳುವುದು, ಮುಂದಿನದ್ದನ್ನು ಕಾಯೆಂದು ಬೇಡುವುದು. ಸಂಗೀತ ಮಾತ್ರ ಸಂಭ್ರಮದ್ದಲ್ಲ. ಕೆಳಗಿನ ದನಿಗಳು ಅರ್ಧರ್ಧ ಸ್ವರದಷ್ಟೇ ತೆವಳುತ್ತ ಮೇಲೇರುತ್ತವೆ, ಅಳು ತಡೆದುಕೊಂಡವರ ಮಾತಿನ ಹಾಗೆ. ಮೊದಲು ಕೇಳಿದ್ದಾಗ ಇದೊಂದು ದುಃಖದ ತುಣುಕು ಎಂದಷ್ಟೇ ತಿಳಿದಿದ್ದೆ. ಜನವರಿ 1ರಂದು, ಮಾತಿನ ಅರ್ಥ ಗೊತ್ತಿದ್ದು ಕೇಳಿದಾಗ, ಬೇಡಿಕೆಯೊಳಗಿನ ಹೆದರಿಕೆ ಕೇಳಿಸಿತು. ಹೋದ ವರ್ಷ ಕಾಪಾಡಿದ್ದು ಈ ವರ್ಷವೂ ಕಾಪಾಡೀತು ಎಂದು ಯಾರು ಹೇಳಬಲ್ಲರು?

ಲೆಂಟಿನಲ್ಲಿ 'ಓ ಮೆನ್ಶ್, ಬೆವೈನ್' ಬಂತು. ಮನುಷ್ಯನೇ, ನಿನ್ನ ಪಾಪಕ್ಕಾಗಿ ಅಳು ಎನ್ನುವ ಗೀತೆ. ಇಲ್ಲಿ ಧಾಟಿ ಅಲಂಕಾರಗಳಿಂದ ಎಷ್ಟು ಹೆಣೆದುಕೊಂಡಿದೆ ಎಂದರೆ ಬಲ್ಲವರೂ ಹುಡುಕಿ ಹಿಡಿಯಬೇಕು. ಗೀತೆಯ ಆ ಚರಣ ಮುಗಿಯುವುದು ಶಿಲುಬೆಯ ಮೇಲೆ 'ದೀರ್ಘಕಾಲ' ಎಂಬ ಅರ್ಥದ ಪದದಿಂದ. ಅಲ್ಲಿಗೆ ಬಂದಾಗ ಬಾಖ್ ಇನ್ನೂ ನಿಧಾನ ಮಾಡು ಎಂದು ಬರೆಯುತ್ತಾನೆ. ನಿರೀಕ್ಷೆಯೇ ಇಲ್ಲದ ದೂರದ ಒಂದು ಸ್ವರಮೇಳಕ್ಕೆ ಹೋಗಿ, ಕೊನೆಯ ಕ್ಷಣದಲ್ಲಿ ಮರಳುತ್ತಾನೆ. 'ದೀರ್ಘ' ಎನ್ನುವುದನ್ನು ಹೇಳದೆ, ಇರುವಂತೆ ಮಾಡುತ್ತಾನೆ. ಇದನ್ನು ನಾನು ಮೊದಲು ರಾತ್ರಿ ನಿದ್ದೆ ಬರಲೆಂದು ಹಾಕಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು.

ಶುಭ ಶುಕ್ರವಾರದ ಮರುದಿನ ಕೇಳಲು ಏನೂ ಇರಲಿಲ್ಲ. ಸಮಾಧಿಯ ದುಃಖವನ್ನು ಹೇಳುವ 'ಓ ಟ್ರಾವ್ರಿಗ್‌ಕೈಟ್' ಎಂಬ ಗೀತೆಗೆ ಬಾಖ್ ಪುಟದಲ್ಲಿ ಜಾಗ ಇಟ್ಟಿದ್ದಾನೆ, ತೀರ ನಿಧಾನವಾಗಿ ಎಂದು ಸೂಚನೆ ಬರೆದಿದ್ದಾನೆ, ಹೆಚ್ಚೆಂದರೆ ಎರಡು ಬಾರ್‌ನಷ್ಟು ಸಂಗೀತ ಬರೆದು ನಿಲ್ಲಿಸಿದ್ದಾನೆ. ಹಸ್ತಪ್ರತಿ ಬರ್ಲಿನ್ನಿನ ರಾಜ್ಯ ಗ್ರಂಥಾಲಯದಲ್ಲಿದೆ. ಅದರ ಚಿತ್ರವನ್ನು ಈಗ ಯಾರು ಬೇಕಾದರೂ ತೆರೆದು ನೋಡಬಹುದು. ಯೋಜಿಸಿದ 164ರಲ್ಲಿ ಮುಗಿದದ್ದು 46 ರಚನೆಗಳು. ನೂರಕ್ಕೂ ಹೆಚ್ಚು ಗೀತೆಗಳಿಗೆ ಹೆಸರಿದೆ, ಸಂಗೀತವಿಲ್ಲ. ಆ ಶನಿವಾರ ನಾನು ಆ ಪುಟವನ್ನು ತೆರೆದಿಟ್ಟು ನೋಡಿದೆ. ಬೇರೇನಾದರೂ ಹಾಕೋಣ ಎನ್ನುವ ಕೈಯನ್ನು ತಡೆದುಕೊಂಡೆ.

ಇಷ್ಟಾದ ಮೇಲೆ ನನ್ನ ನಿಯಮದ ಮೇಲೆ ನನಗೇ ಮೂರು ಅನುಮಾನಗಳು ಬಂದವು. ಅವನ್ನು ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು ಬಾಖ್‌ನಿಂದಲೇ ಬಂದದ್ದು. ಪುಸ್ತಕದ ಮುಖಪುಟವನ್ನು ಅವನು ಆಮೇಲೆ ಬರೆದ. ಅದರಲ್ಲಿ ಇದು ಕಲಿಯುವ ಆರ್ಗನ್ ವಾದಕನಿಗೆ, ಕೊರಾಲನ್ನು ಬಗೆಬಗೆಯಾಗಿ ಬೆಳೆಸುವುದನ್ನೂ ಪೆಡಲ್ ನುಡಿಸುವುದನ್ನೂ ಕಲಿಸಲು ಎಂದಿದೆ. ಜೊತೆಗೆ ಎರಡು ಉದ್ದೇಶ: ದೇವರ ಗೌರವ, ನೆರೆಯವನ ಕಲಿಕೆ. ಕಲಿಯುವವನು ಕ್ರಿಸ್ಮಸ್ ರಚನೆಯನ್ನು ಕ್ರಿಸ್ಮಸ್ ದಿನ ಕಲಿಯಲಾಗುತ್ತದೆಯೇ? ಸೆಪ್ಟೆಂಬರಿನಿಂದಲೇ ಕೈಕಾಲು ಬಡಿಯಬೇಕು. ಅಂದರೆ ಋತು ತಪ್ಪಿದ ಕೇಳುವಿಕೆ ಈ ಪುಸ್ತಕದ ಹುಟ್ಟಿನಲ್ಲೇ ಇದೆ. ಅಜ್ಜಿಯ ಪ್ರಶ್ನೆಗೆ ಕಲಿಯುವವನ ಬಳಿ ಒಂದು ಉತ್ತರ ಇದೆ: ಹಬ್ಬಕ್ಕೆ ಸಿದ್ಧವಾಗುತ್ತಿದ್ದೇನೆ. ನನ್ನ ಬಳಿ ಅದೂ ಇರಲಿಲ್ಲ.

ಎರಡನೆಯದು ಮೆಂಡೆಲ್‌ಸೋನ್‌ದು. 1840ರ ಆಗಸ್ಟ್ 6ರಂದು ಅವನು ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಬಾಖ್‌ನ ಆರ್ಗನ್ ಕೃತಿಗಳ ಕಛೇರಿ ಕೊಟ್ಟ. ಬಾಖ್‌ಗೆ ಒಂದು ಸ್ಮಾರಕ ನಿಲ್ಲಿಸಲು ಹಣ ಕೂಡಿಸುವುದು ಉದ್ದೇಶ. ಅಂದು ನುಡಿಸಿದವುಗಳಲ್ಲಿ 'ಶ್ಮ್ಯೂಕೆ ದಿಖ್' ಎಂಬ ದೊಡ್ಡ ಕೊರಾಲ್ ಪ್ರೆಲ್ಯೂಡ್ ಕೂಡ ಇತ್ತು. ಅದು ಪ್ರಭುಭೋಜನದ ಸಂಸ್ಕಾರಕ್ಕೆ ಸೇರಿದ್ದು. ಕಛೇರಿಯಲ್ಲಿ ಅಂಥ ಸಂಸ್ಕಾರವೇನೂ ಇರಲಿಲ್ಲ. ಬದುಕು ಎಲ್ಲ ಭರವಸೆಯನ್ನೂ ನಂಬಿಕೆಯನ್ನೂ ಕಿತ್ತುಕೊಂಡರೂ ಇದೊಂದು ಕೊರಾಲ್ ಅದನ್ನು ಮರಳಿ ತುಂಬಿಕೊಡುತ್ತದೆ ಎಂದು ಮೆಂಡೆಲ್‌ಸೋನ್ ತನ್ನಲ್ಲಿ ಹೇಳಿದ್ದನೆಂದು ಶೂಮನ್ ಬರೆದಿದ್ದಾನೆ. ಜಾಗ ಬಿಟ್ಟು, ಕಾಲ ಬಿಟ್ಟು ಬಂದ ಸಂಗೀತ ಸಾಯಲಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಹಾಗೆ ಬಾರದಿದ್ದರೆ ನನ್ನಂಥವನಿಗೆ ಅದು ತಲುಪುತ್ತಲೂ ಇರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ನಂಬಿಕೆ ಇಲ್ಲದವನು ಪಂಚಾಂಗ ಪಾಲಿಸುವುದು ನಾಟಕವಲ್ಲವೇ? ಇದಕ್ಕೆ ಉತ್ತರ ನನಗೆ ಸಂಗೀತದಿಂದ ಸಿಗಲಿಲ್ಲ, ಮನೆಯಿಂದ ಸಿಕ್ಕಿತು. ಅಪ್ಪ ತೀರಿಹೋದಾಗ ನನಗೆ ಇಪ್ಪತ್ತೆರಡು. ಮೊದಲ ವರ್ಷದ ತಿಥಿ ಶ್ರಾವಣದಲ್ಲಿ ಬಂದಾಗ ಬರುವುದಿಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ನನಗೆ ಪಿಂಡದಲ್ಲಿ ನಂಬಿಕೆ ಇಲ್ಲ, ಅಪ್ಪನನ್ನು ನಾನು ದಿನಾ ನೆನೆಯುತ್ತೇನೆ, ಅದಕ್ಕೊಂದು ದಿನ ಯಾಕೆ ಬೇಕು ಎಂದೆಲ್ಲ ವಾದಿಸಿದೆ. ಅಮ್ಮ ವಾದ ಮಾಡಲಿಲ್ಲ. "ನಂಬು, ಬಿಡು. ಆವತ್ತೊಂದು ದಿನ ಮನೇಲಿರು" ಎಂದಳು. ಹೋದೆ. ದಿನಾ ನೆನೆಯುತ್ತೇನೆ ಎಂದದ್ದು ಸುಳ್ಳು ಎಂದು ಅಲ್ಲಿ ಕುಳಿತಾಗ ತಿಳಿಯಿತು. ನಾನು ನೆನೆಯುತ್ತಿದ್ದುದು ನನಗೆ ಬೇಕಾದಾಗ, ಬೇಕಾದ ಅಪ್ಪನನ್ನು ಮಾತ್ರ. ಆಸ್ಪತ್ರೆಯ ಕೊನೆಯ ವಾರದ ಅಪ್ಪ ನನ್ನ ನೆನಪಿಗೆ ತಾನಾಗಿ ಬರುತ್ತಲೇ ಇರಲಿಲ್ಲ. ತಿಥಿ ನನ್ನ ಮನಸ್ಸಿನ ಅನುಕೂಲ ಕೇಳದೆ ಬಂದು, ಆ ಅಪ್ಪನನ್ನೂ ಎದುರಿಗೆ ಕೂರಿಸಿತು.

ಹಾಗಾಗಿ ನನಗೆ ಈಗ ಅನ್ನಿಸುವುದು ಇಷ್ಟು. ಕಾಲವನ್ನು ಪಾಲಿಸುವುದೆಂದರೆ ನಂಬಿಕೆ ಇದೆ ಎಂದು ತೋರಿಸಿಕೊಳ್ಳುವುದಲ್ಲ. ಬೇಕೆಂದಾಗ ಕರೆಸಿಕೊಳ್ಳುವ ಅಧಿಕಾರವನ್ನು ಸ್ವಲ್ಪ ಹೊತ್ತು ಬಿಟ್ಟುಕೊಡುವುದು. ಬೇರೆಯವರ ಹಾಡಿಗೆ, ಬೇರೆಯವರ ದುಃಖಕ್ಕೆ, ನಮ್ಮದೇ ಸತ್ತವರಿಗೆ ನಾವು ಕೊಡಬಹುದಾದ ಕನಿಷ್ಠ ಗೌರವ ಅದು. ಅದರಿಂದ ನಾನು ಒಳಗಿನವನಾಗುವುದಿಲ್ಲ. ಅಜ್ಜಿಯ ಬಾಯಲ್ಲಿದ್ದ ಮಾತು ನನಗೆ ಬರುವುದಿಲ್ಲ. ಹೊಸ್ತಿಲಾಚೆಯೇ ನಿಂತಿರುತ್ತೇನೆ. ಆದರೆ ಹೊಸ್ತಿಲು ಇದೆ ಎಂದು ಗೊತ್ತಿದ್ದು ನಿಲ್ಲುವುದಕ್ಕೂ, ಅದು ಇದೆಯೆಂದೇ ತಿಳಿಯದೆ ತುಳಿದುಕೊಂಡು ಓಡಾಡುವುದಕ್ಕೂ ವ್ಯತ್ಯಾಸವಿದೆ.

ಎಲ್ಲವನ್ನೂ ಹೀಗೆ ದಿನಕ್ಕೆ ಕಟ್ಟಿಹಾಕಬೇಕು ಎಂದು ನಾನು ಹೇಳುತ್ತಿಲ್ಲ. ಪುಟ್ಟ ಪುಸ್ತಕದ ಎರಡನೆಯ ಭಾಗದಲ್ಲಿ 'ಇಖ್ ರೂಫ್ ತ್ಸು ದಿರ್' ಇದೆ, ನಿನ್ನನ್ನು ಕೂಗುತ್ತೇನೆ ಎನ್ನುವ ಗೀತೆ. ಇಡೀ ಪುಸ್ತಕದಲ್ಲಿ ಮೂರೇ ದನಿಗಳಿರುವುದು ಇದೊಂದಕ್ಕೆ. ತಾರ್ಕೋವ್‌ಸ್ಕಿಯ 1972ರ 'ಸೊಲಾರಿಸ್' ನೋಡಿದವರಿಗೆ ಇದು ಗೊತ್ತಿರುತ್ತದೆ. ಇದಕ್ಕೆ ಹಬ್ಬವಿಲ್ಲ. ಸಂಕಟ ಪಂಚಾಂಗ ನೋಡಿ ಬರುವುದಿಲ್ಲ ಎಂದು ಬಾಖ್‌ಗೂ ಅವನ ಚರ್ಚಿಗೂ ಗೊತ್ತಿತ್ತು. ನನ್ನ ನಿಯಮದ ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿದ್ದೂ ಇದನ್ನೇ.

ನಿಯಮದ ವರ್ಷ ಮುಗಿದಿದೆ. ಈಗ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಬರೆಯುವಾಗ ಹಿನ್ನೆಲೆಗೆ ಬಾಖ್ ಹಾಕುವುದನ್ನು ಬಿಟ್ಟಿದ್ದೇನೆ. ಹೋದ ತಿಂಗಳು ಈ ಪ್ರಬಂಧ ಬರೆಯಲು ಕುಳಿತಾಗ, ಅಜ್ಜಿ ಆವತ್ತು ಹಾಡಿದ ಕನ್ನಡದ ಚರಣಗಳನ್ನು ಬರೆದುಕೊಳ್ಳೋಣ ಎಂದು ಗೆಳೆಯನ ಮನೆಗೆ ಫೋನ್ ಮಾಡಿದ್ದೆ. ಅಜ್ಜಿಗೆ ಈಗ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಿದ ಮೇಲೆ ಅರ್ಥವಾಯಿತು. "ಅದು ಈಗ ಎಂತಕ್ಕೆ ಮಗಾ? ಕ್ರಿಸ್ಮಸ್ಸಿಗೆ ಬಾ, ಆಗ ಹೇಳಿಕೊಡ್ತೇನೆ" ಎಂದರು. ಟಿಕೆಟ್ ಮಾಡಿಸಿದ್ದೇನೆ.